ಹತ್ತಕ್ಕೆ ಹತ್ತು ಪಡೆದ ಮುರಳಿ

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು ನಾನು. ಅದರಲ್ಲಿ ಹದಿನಾಲ್ಕು ವರ್ಷ ಪರೀಕ್ಷೆಗಳ ಉಸ್ತುವಾರಿಯೂ ನನ್ನದೇ. ತೋಳಿನೊಳಗೆ, ಕಾಲುಚೀಲದೊಳಗೆ, ಒಮ್ಮೆ ಒಬ್ಬನ ಮುರಿದ ಕೈಯ ಪ್ಲಾಸ್ಟರಿನೊಳಗೆ, ಎಲ್ಲಿ ಬಚ್ಚಿಟ್ಟಿದ್ದರೂ ಚೀಟಿ ಹಿಡಿದಿದ್ದೇನೆ. (ಕೈ ನಿಜವಾಗಿಯೂ ಮುರಿದಿತ್ತು. ಚೀಟಿಯೂ ಇತ್ತು.) ಇಷ್ಟೆಲ್ಲ ಅನುಭವವಿರುವ ನನ್ನನ್ನು ಕಳೆದ ವಾರದಿಂದ ನನ್ನ ಮನೆಯಲ್ಲೇ ಯಾರೂ ಫೋನ್ ಎತ್ತಲು ಬಿಡುತ್ತಿಲ್ಲ.

ನಡೆದದ್ದು ಇಷ್ಟು. ನಮ್ಮ ಹಲಸೂರಿನ ಮನೆಗೆ ಅಡುಗೆಗೆ ಬರುವ ಬಾಲಮ್ಮ ಯಾದಗಿರಿ ಕಡೆಯವಳು. ರಾಮಮೂರ್ತಿ ನಗರದ ಒಂದು ಬಾಡಿಗೆ ಕೋಣೆಯಲ್ಲಿ ತಾಯಿ, ಮಗಳು ಇಬ್ಬರೇ ಇರುತ್ತಾರೆ. ಮಗಳು ಪ್ರಿಯದರ್ಶಿನಿ ಬಿ.ಕಾಂ. ಮುಗಿಸಿ ಎಂಟು ತಿಂಗಳಿಂದ ಕೆಲಸ ಹುಡುಕುತ್ತಿದ್ದಳು. ಆರಂಭದಲ್ಲೇ ಯಾವನೋ ಒಬ್ಬ ಮನೆಯಿಂದಲೇ ಕೆಲಸವೆಂದು ನಂಬಿಸಿ, ತರಬೇತಿ ಶುಲ್ಕ ಕಟ್ಟಿಸಿಕೊಂಡು ಮಾಯವಾದ. ಹೋದದ್ದು ಬಾಲಮ್ಮನ ಎರಡು ತಿಂಗಳ ಸಂಬಳ.

“ಇನ್ನೊಂದ್ ಸರ್ತಿ ಹಿಂಗಾದ್ರ ಫೋನ್ ಕಸ್ಕೊಂಡು ಮನಿ ಕೆಲ್ಸಕ್ಕ ಹಚ್ತೀನ್ರಿ ಅಮ್ಮಾರ,” ಎಂದಳು ಬಾಲಮ್ಮ, ಮಗಳ ಎದುರಿಗೇ. “ನನ್ ಹಂಗ ಮಂದಿ ಮನ್ಯಾಗ ರೊಟ್ಟಿ ಬಡೀಲಿ.”

ಹುಡುಗಿ ನೆಲ ನೋಡುತ್ತ ನಿಂತಳು. ಭಾವುಕತೆ ನನ್ನ ವಿಷಯವಲ್ಲ. ಆದರೆ ಆ ಹುಡುಗಿಗೆ ಸಂಖ್ಯಾಶಾಸ್ತ್ರ ಹೇಳಿಕೊಟ್ಟವಳು ನಾನು. ನನ್ನ ರಕ್ತದೊತ್ತಡ ಏರಿತು. ಅದು ಇಳಿಯಬೇಕಾದರೆ ನಾನೇ ಆಡಳಿತ ವಹಿಸಿಕೊಳ್ಳಬೇಕಾಯಿತು.

ಅವಳ ಅರ್ಜಿಗಳಲ್ಲೆಲ್ಲ ನನ್ನ ಫೋನ್ ನಂಬರ್ ಹಾಕಿಸಿದೆ. ಕರೆ ಮಾಡಿದವರಿಗೆ ಹತ್ತು ಪ್ರಶ್ನೆ, ಹತ್ತು ಅಂಕ. ಎಂಟಕ್ಕಿಂತ ಕಡಿಮೆ ಬಂದರೆ ಅನುತ್ತೀರ್ಣ. ಅವರ ನಂಬರ್, ಉತ್ತರ, ಫಲಿತಾಂಶ ಬರೆಯಲು ಒಂದು ರಿಜಿಸ್ಟರ್. ಸಿಲಿಂಡರಿನವನು ಕರೆ ಮಾಡಿದರೂ ಅರ್ಧ ಪ್ರಶ್ನೆಪತ್ರಿಕೆ ಮುಗಿಸಿಯೇ ಬಿಡುತ್ತಿದ್ದೆ. (ಸಿಲಿಂಡರ್ ಬಂದದ್ದು ಒಂಬತ್ತು ದಿನ ತಡವಾಗಿ.)

ಮೊದಲ ಗಂಭೀರ ಅಭ್ಯರ್ಥಿ ಲಕ್ಷ್ಮಿಕಾಂತ ಎಂಬಾತ. ಇಂದಿರಾನಗರದ ಒಂದು ಸಣ್ಣ ರಕ್ತಪರೀಕ್ಷಾ ಲ್ಯಾಬಿನ ಮ್ಯಾನೇಜರ್ ಅಂತೆ.

“ಪ್ರಶ್ನೆ ಎರಡು. ಆಫೀಸಿನ ಪೂರ್ತಿ ವಿಳಾಸ ಹೇಳಿ.”

“ಡೋರ್ ನಂಬರ್ ನೆನಪಿಲ್ಲ ಮೇಡಂ. ಮೆಟ್ರೋ ಇಳಿದು ಸಿಗ್ನಲ್ ಹತ್ರ ಬಂದು ಕಾಲ್ ಮಾಡಿದ್ರೆ ಬಂದ್ ಕರ್ಕೊಂಡ್ ಹೋಗ್ತೀವಿ.”

“ಸೊನ್ನೆ. ಪ್ರಶ್ನೆ ಮೂರು. ನಿಮ್ಮ ಮೇಲಧಿಕಾರಿ ಯಾರು?”

“ಒಂದ್ ನಿಮಿಷ ಮೇಡಂ. ಇಂಟರ್‌ವ್ಯೂ ಯಾರಿಗೆ? ನನಗಾ?”

“ಸೊನ್ನೆ.”

ಎಂಟನೆಯದು ನನ್ನ ಹೆಮ್ಮೆಯ ಪ್ರಶ್ನೆ: ಆಫೀಸಿನ ಹತ್ತಿರ ಕಾಫಿ ಎಲ್ಲಿ ಕುಡಿಯುತ್ತೀರಿ? ಇದಕ್ಕೆ ಯಾವ ಮೋಸಗಾರನೂ ಸಿದ್ಧನಾಗಿರಲಾರ. “ಕಾಫಿ ಕುಡಿಯೋಕೆ ಟೈಮ್ ಎಲ್ಲಿದೆ ಮೇಡಂ?” ಎಂದ ಆ ಮನುಷ್ಯ. ಹತ್ತಕ್ಕೆ ಮೂರು. ನಂಬರ್ ಬ್ಲಾಕ್ ಮಾಡಿದೆ.

“ಪಾಪ, ಗ್ರೇಸ್ ಮಾರ್ಕ್ಸ್ ಏನಾದ್ರೂ ಕೊಡ್ಬೋದಿತ್ತು,” ಎಂದರು ನನ್ನ ಪತಿ ಅಂಜನಮೂರ್ತಿ, ಪೇಪರಿನ ಹಿಂದಿನಿಂದ.

“ನನ್ನ ಸರ್ವೀಸಲ್ಲೇ ಕೊಟ್ಟಿಲ್ಲ.”

“ಗೊತ್ತು. ಮದ್ವೆ ಆದಾಗಿನಿಂದ ನಾನೂ ಕಾಯ್ತಾನೇ ಇದೀನಿ.”

ಎರಡು ದಿನದ ಮೇಲೆ, ಇನ್ನೊಂದು ಕಂಪನಿಯವನೆಂದು ಹೇಳಿಕೊಂಡು ಮುರಳಿ ಎಂಬಾತ ಕರೆ ಮಾಡಿದ. ಎಂಥ ವಿನಯ! “ಮೇಡಂ, ನಿಮ್ಮಂಥೋರು ಪ್ರಶ್ನೆ ಕೇಳ್ತಿರೋದೇ ನಮ್ಮ ಪುಣ್ಯ. ಸುಮ್ನೆ ಬಾಯಿಗೆ ಬಂದಂಗೆ ಹೇಳಬಾರದು. ಪ್ರಶ್ನೆಗಳನ್ನ ವಾಟ್ಸಾಪ್ ಮಾಡ್ಬಿಡಿ, ನಾಳೆ ಸರಿಯಾಗಿ ಉತ್ತರ ಕೊಡ್ತೀನಿ.” ಇಂಥ ಶಿಸ್ತು ಈ ಕಾಲದಲ್ಲಿ ಎಲ್ಲಿದೆ! ಕಳಿಸಿದೆ.

ಮರುದಿನ ಆತ ತಡವರಿಸದೆ ಎಲ್ಲವನ್ನೂ ಒಪ್ಪಿಸಿದ. ಇಂದಿರಾನಗರದ್ದೇ ಡೋರ್ ನಂಬರ್, ಕ್ರಾಸ್, ಮೇಲಧಿಕಾರಿ, ಅವರ ಮೇಲಧಿಕಾರಿ. ಕಾಫಿ? “ಎದುರಿಗಿರೋ ದರ್ಶಿನೀಲಿ ಮೇಡಂ. ಸಕ್ಕರೆ ಕಮ್ಮಿ.” ಹಣ ಕೇಳುತ್ತೀರಾ? “ಛೆ ಛೆ!” ಹತ್ತಕ್ಕೆ ಹತ್ತು. ನನ್ನ ಜೀವಮಾನದಲ್ಲಿ ಮೌಖಿಕ ಪರೀಕ್ಷೆಗೆ ಕೊಟ್ಟ ಮೊದಲ ಪೂರ್ಣಾಂಕ. ಪೋಷಕರ ದೃಢೀಕರಣಕ್ಕೆಂದು ಆತ ಕೇಳಿದ ನನ್ನ ಆಧಾರ್, ಬ್ಯಾಂಕ್ ಪಾಸ್‌ಬುಕ್ಕುಗಳ ಫೋಟೋ ಅಂದೇ ರವಾನಿಸಿದೆ.

ಸಂಜೆ ಪ್ರಿಯದರ್ಶಿನಿಗೆ ರಿಜಿಸ್ಟರ್ ತೋರಿಸಿದೆ. ಅವಳು ತುಂಬಾ ಹೊತ್ತು ನೋಡಿದಳು. ಮುರಳಿಯದು, ಲಕ್ಷ್ಮಿಕಾಂತನದು, ಎರಡೂ ಪುಟಗಳ ಫೋಟೋ ತೆಗೆದುಕೊಂಡಳು. ಸಂತೋಷಕ್ಕೆ ಇರಬೇಕು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಮುರಳಿಯ ಕರೆ. “ಜಾಯಿನಿಂಗ್ ಲೆಟರ್ ರೆಡಿ ಮೇಡಂ. ನಿಮ್ಮ ಫೋನಿಗೆ ಆರು ಅಂಕಿಯ ಓಟಿಪಿ ಬಂದಿದೆ, ಓದಿ.” ಸಂದೇಶದಲ್ಲಿ ‘ಯಾರಿಗೂ ಹೇಳಬೇಡಿ’ ಎಂದಿತ್ತು. (ನಾನೇನು ಯಾರೋ ದಾರಿಹೋಕನಿಗೆ ಹೇಳುತ್ತಿರಲಿಲ್ಲ. ಪೂರ್ಣಾಂಕ ಪಡೆದವನಿಗೆ ಹೇಳುತ್ತಿದ್ದೆ.) ಕನ್ನಡಕ ಏರಿಸಿ, ತರಗತಿಯ ಧ್ವನಿಯಲ್ಲಿ ಶುರುಮಾಡಿದೆ: “ನಾಲ್ಕು... ಒಂದು... ಒಂದು... ಏಳು...”

ಬಾಗಿಲು ದಡಾರೆಂದಿತು. ಮೆಟ್ರೋದಿಂದ ಓಡಿ ಬಂದಿದ್ದ ಪ್ರಿಯದರ್ಶಿನಿ ಫೋನ್ ಕಿತ್ತುಕೊಂಡು ಕರೆ ಕತ್ತರಿಸಿ, ಸಂದೇಶ ಓದಿದಳು.

“ಮೇಡಂ, ಅದು ನಿಮ್ಮ ಪೆನ್ಷನ್ ಅಕೌಂಟಿನ ಓಟಿಪಿ!”

“ಅವನು ಹತ್ತಕ್ಕೆ ಹತ್ತು ತಗೊಂಡಿದಾನೆ ಕಣೇ!”

“ಅದಕ್ಕೇ ಡೌಟ್ ಬಂತು ಮೇಡಂ. ನಮ್ಮ ಕಾಲೇಜಲ್ಲಿ ಹತ್ತಕ್ಕೆ ಹತ್ತು ತಗೊಳ್ತಿದ್ದೋರೆಲ್ಲ ಚೀಟಿ ಇಟ್ಟೋರೇ. ಅವನು ಕೊಟ್ಟ ಡೋರ್ ನಂಬರಿಗೆ ಹೋಗಿ ನೋಡ್ದೆ. ಅಲ್ಲಿರೋದು ಪಬ್ಬು. ಅಂಥ ಆಫೀಸೇ ಇಲ್ಲ ಅಂದ್ರು ವಾಚ್‌ಮನ್.”

ಅಂಜನಮೂರ್ತಿಯವರು ಪೇಪರ್ ಮಡಚಿದರು. ಅವರು ಪೇಪರ್ ಮಡಚುವುದು ವರ್ಷಕ್ಕೆ ಎರಡು ಸಲ. “ಪ್ರಶ್ನೆಪತ್ರಿಕೆ ಹಿಂದಿನ ದಿನಾನೇ ಲೀಕ್ ಮಾಡಿದ್ದು ಯಾರು, ಪ್ರೊಫೆಸರೇ?”

ಬ್ಯಾಂಕಿಗೆ ಫೋನ್ ಮಾಡಿ ಖಾತೆಗೆ ತಡೆ ಹಾಕಿಸುವ ತುರ್ತಿತ್ತು. ನಂಬರ್ ಒತ್ತಿಕೊಟ್ಟವಳು ಪ್ರಿಯದರ್ಶಿನಿ.

ಆಮೇಲೆ ಅವಳು ಮೆಲ್ಲಗೆ ಹೇಳಿದಳು: “ಹಾಗೇ ಸಿಗ್ನಲ್ ಹತ್ರ ನಿಂತು ಲಕ್ಷ್ಮಿಕಾಂತ್ ಸರ್‌ಗೂ ಫೋನ್ ಮಾಡ್ದೆ. ಬಂದು ಕರ್ಕೊಂಡ್ ಹೋದ್ರು. ಲ್ಯಾಬ್ ಇದೆ, ಬೋರ್ಡ್ ಇದೆ, ಕೆಲ್ಸ ಮಾಡೋ ಹೆಣ್ಮಕ್ಕಳ ಹತ್ರಾನೂ ಮಾತಾಡ್ದೆ. ಇಂಟರ್‌ವ್ಯೂ ಆಯ್ತು. ಆದ್ರೆ...”

“ಆದ್ರ ಏನ?” ಬಾಲಮ್ಮ ಸೌಟು ಹಿಡಿದೇ ಹೊರಗೆ ಬಂದಳು.

“ಪರಿಚಯದೋರೊಬ್ಬರ ಹತ್ರ ವಿಚಾರಿಸ್ಬೇಕಂತೆ. ನಮಗೆ ಬೆಂಗ್ಳೂರಲ್ಲಿ ಇನ್ಯಾರಿದಾರೆ? ಮೇಡಂ ಹೆಸ್ರು ಕೊಟ್ಟೆ.”

ಆಗಲೇ ಅವಳ ಫೋನ್ ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿದಳು. “ನಮಸ್ಕಾರ ಮೇಡಂ,” ಎಂದಿತು ಲಕ್ಷ್ಮಿಕಾಂತನ ಧ್ವನಿ. “ಜಾಸ್ತಿ ಇಲ್ಲ, ಹತ್ತೇ ಪ್ರಶ್ನೆ.”

ನಾನು ನಿಜವಾಗಿ ಪ್ರಾಧ್ಯಾಪಕಿಯೆಂಬುದಕ್ಕೆ ಪುರಾವೆ ಏನು? ಮೊನ್ನೆ ನಂಬರ್ ಬ್ಲಾಕ್ ಮಾಡಿದ್ದು ಯಾಕೆ? ಕಾಫಿ ಎಲ್ಲಿ ಕುಡಿಯುತ್ತೀರಿ? ಪ್ರತಿಯೊಂದಕ್ಕೂ ತಡವರಿಸಿದೆ. ಬಾಲಮ್ಮನ ಮುಖ ನೋಡಿ, ರೇಗುವ ಮಾತನ್ನು ನುಂಗಿಕೊಂಡೆ.

“ಕೊನೇದು. ಈ ಹುಡುಗೀನ ನಾವ್ಯಾಕೆ ತಗೋಬೇಕು?”

“ಅವಳು ನನ್ನ ಮಾತನ್ನೂ ನಂಬಲಿಲ್ಲ,” ಎಂದೆ. “ತಾನೇ ಹೋಗಿ ನೋಡಿಕೊಂಡು ಬಂದಳು.”

ಆಚೆ ಪೆನ್ನಿನಲ್ಲಿ ಏನೋ ಗೀಚಿದ ಸದ್ದು. “ಸೋಮವಾರದಿಂದ ಬರ್ಲಿ ಮೇಡಂ. ಒಂದೇ ಕಂಡೀಷನ್. ನಮ್ಮ ರೆಕಾರ್ಡಲ್ಲಿ ಅವಳ ನಂಬರ್ ಇರ್ಲಿ, ನಿಮ್ದು ಬೇಡ.”

ಬಾಲಮ್ಮ ಅಳುತ್ತಲೇ ಒಲೆಯ ಮೇಲೆ ಎಣ್ಣೆ ಇಟ್ಟು ಮಿರ್ಚಿ ಭಜಿ ಕರಿಯತೊಡಗಿದಳು. ನನಗೆಷ್ಟು ಅಂಕ ಬಂದವೆಂದು ಪತಿಯನ್ನು ಕೇಳಿದೆ. “ಮೂರು. ಗ್ರೇಸ್ ಮಾರ್ಕ್ಸ್ ಸೇರಿ,” ಎಂದರು. ಅದನ್ನೂ ದಾಖಲಿಸಲು ರಿಜಿಸ್ಟರ್ ಹುಡುಕಿದೆ. ಅಡುಗೆಮನೆಯಲ್ಲಿ ಸಿಕ್ಕಿತು. ಮುರಳಿಯ ಹತ್ತಕ್ಕೆ ಹತ್ತರ ಹಾಳೆಯ ಮೇಲೆ ಬಾಲಮ್ಮ ಭಜಿಗಳನ್ನು ಎಣ್ಣೆ ಸೋರಲು ಹಾಕಿದ್ದಳು.