ಹೋದದ್ದು ಬಾಲ

ಸುದ್ದಿ ಕವಲಿನಿಂದ ಒಳಗೆ ಬಂದು ಬಾಲದಿಂದ ಹೊರಗೆ ಹೋಗುವುದೋ, ಬಾಲದಿಂದ ಬಂದು ಕವಲಿನಿಂದ ಹೋಗುವುದೋ? ನಿನ್ನೆ ಸಂಜೆಯವರೆಗೆ ಗೊತ್ತಿತ್ತು. ಈಗ ಎರಡೂ ಸರಿ ಅನ್ನಿಸುತ್ತಿದೆ. ಎರಡೂ ಸರಿ ಅನ್ನಿಸುವುದೆಂದರೆ ಒಂದೂ ಗೊತ್ತಿಲ್ಲ ಎಂದೇ ಅರ್ಥವಲ್ಲವೇ?

ಉಮಾನಾಥ ಹೆಮ್ಮಾಡಿಯಿಂದ ಎರಡು ಮೈಲಿ ಒಳಗಿನ ಒಂದು ಶಾಲೆಯಲ್ಲಿ ಹಂಗಾಮಿ ಮಾಸ್ತರ. ಈ ದಿನ ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರು ಬಂದು ಎಂಟನೇ ಕ್ಲಾಸಿನಲ್ಲಿ ಅವನ ಪಾಠ ನೋಡುವವರಿದ್ದರು. ಮೆಚ್ಚಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಜೂನ್ ತಿಂಗಳಿಗೆ ಪೆಟ್ಟಿಗೆ ಕಟ್ಟಬೇಕು. ಪಾಠ ನರಮಂಡಲದ್ದು. ಮೆದುಳು, ಬೆನ್ನುಹುರಿ, ನರ ಎಲ್ಲ ಬಾಯಿಗೆ ಬರುತ್ತಿತ್ತು. ತೊಂದರೆಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ನರಕೋಶದ್ದು. ಅದಕ್ಕೆ ಮೈತುಂಬ ಕವಲು, ಒಂದೇ ಒಂದು ಉದ್ದ ಬಾಲ. ಸುದ್ದಿ ಯಾವ ಕಡೆಯಿಂದ ಯಾವ ಕಡೆಗೆ ಎಂದು ತೋರಿಸುವ ಬಾಣದ ಗುರುತುಗಳನ್ನೇ ಪುಸ್ತಕದ ಹುಳ ಹುಡುಕಿ ತಿಂದಿತ್ತು.

ಅವನು ಹಣೆಗೆ ಕೈ ಒತ್ತಿಕೊಂಡು ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತ ಗಟ್ಟಿಯಾಗಿ ಬಾಯಿಪಾಠ ಮಾಡತೊಡಗಿದ. ಮಕ್ಕಳಿಗೆ ತಿಳಿಯಲೆಂದು ನರಕ್ಕೆ ಟಪಾಲಾಫೀಸಿನ ತಂತಿಯ ಹೋಲಿಕೆ ಕೊಟ್ಟಿದ್ದ. "ಕಾಲಿಗೆ ಮುಳ್ಳು ಚುಚ್ಚಿತು. ತಂತಿ ಬಂತು. ಬಂದದ್ದು ಕವಲು. ಹೋದದ್ದು ಬಾಲ. ತಂತಿ ಬಂತು, ಹೋದದ್ದು ಬಾಲ. ಹೋದದ್ದು ಬಾಲವೇ?"

ಬೇಲಿಯಾಚೆ ಬಾವಿಯಲ್ಲಿ ನೀರು ಸೇದುತ್ತಿದ್ದ ಸರಸಕ್ಕನ ಕೈಯಿಂದ ಹಗ್ಗ ಜಾರಿತು. ಯುದ್ಧದ ಕಾಲ. ಊರಿಗೆ ತಂತಿ ಬಂದರೆ ಸಾವಿನ ಸುದ್ದಿ ಬಿಟ್ಟು ಬೇರೆ ಬಂದದ್ದಿಲ್ಲ. ಅಪ್ಪ ಅಮ್ಮ ಇಲ್ಲದ ಮಾಸ್ತರನಿಗೆ ಇರುವವನು ಒಬ್ಬನೇ ತಮ್ಮ, ಬೊಂಬಾಯಿಯ ಹೋಟೆಲಿನಲ್ಲಿ. ಅವನ ಹೆಸರು ಬಾಲ.

ಕೊಡಪಾನ ಅಲ್ಲೇ ಬಿಟ್ಟು ಸರಸಕ್ಕ ಬೇಲಿಯ ದಣಪೆ ದಾಟಿದಳು. ಗಂಗೊಳ್ಳಿಯಿಂದ ಮೀನು ಹೊತ್ತು ಬರುತ್ತಿದ್ದ ಸೀತುಗೆ ಹೇಳಿದಳು. ಸೀತು ಬುಟ್ಟಿಗೆ ಬಟ್ಟೆ ಮುಚ್ಚಿ, ಹುಡುಗನಿಗೆ ಜ್ವರ ಬಂದಿತ್ತಂತೆ ಎಂದು ಸೇರಿಸಿ, ಕ್ಷೌರದ ಮುತ್ತನಿಗೆ ಹೇಳಿದಳು. ಮುತ್ತ ಅರ್ಧ ಕ್ಷೌರವಾದ ಒಬ್ಬ ಗಿರಾಕಿಯನ್ನು ಮರದಡಿಯಲ್ಲಿ ಕೂರಿಸಿ, ಜ್ವರ ಮೂರೇ ದಿನದ್ದಂತೆ ಎಂದು ಹೆಡ್‌ಮಾಸ್ತರ ಅಣ್ಣಯ್ಯ ಶೆಟ್ರಿಗೆ ಮುಟ್ಟಿಸಿದ. ಹೀಗೆ ಸುದ್ದಿ ಹೆಡ್ಡಿನವರೆಗೆ ಹೋಯಿತು.

ಇದೊಂದೂ ತಿಳಿಯದ ಉಮಾನಾಥ ಮಿಂದು, ಕೋಟು ಹಾಕಿ, ಪಾಠಕ್ಕೆಂದು ತಾನೇ ಮಾಡಿದ ನರಕೋಶವನ್ನು ಎತ್ತಿಕೊಂಡು ಹೊರಗೆ ಬಂದ. ಒಂದು ಸಣ್ಣ ತೆಂಗಿನಕಾಯಿ, ಸುತ್ತ ಕೆದರಿದ ನಾರಿನ ಕವಲು, ಬಾಲಕ್ಕೆ ಮೂರು ಮಾರು ಹಗ್ಗ. ಕಾಯಿ ಕಂಕುಳಲ್ಲಿತ್ತು. ಅಂಗಳದಲ್ಲಿ ನೆರೆದ ಹದಿನೈದು ಜನರಿಗೆ ಕಂಡದ್ದು ಹಗ್ಗ ಮಾತ್ರ.

"ಹ್ವಾಯ್, ಹಿಡ್ಕಣಿ ಅವ್ರನ್ನ" ಎಂದು ಮುತ್ತ ಹಾರಿ ಹಗ್ಗ ಕಸಿದುಕೊಂಡ. ಇನ್ನಿಬ್ಬರು ಮಾಸ್ತರನನ್ನು ಅಕ್ಕಿಮುಡಿ ಇಳಿಸಿದ ಹಾಗೆ ಜಗಲಿಯ ಮೇಲೆ ಇಳಿಸಿದರು. ತೆಂಗಿನಕಾಯಿ ಉರುಳಿ ಕಂಬದ ಬುಡದಲ್ಲಿ ನಿಂತಿತು.

"ಎಂತ ಇದ್? ನಂಗೆ ಶಾಲೆಗೆ ಹೋಯ್ಕ್..."

"ನೀವ್ ಈಗ ಮಾತಾಡುಕಾಗ ಮಾಸ್ಟ್ರೆ" ಎಂದಳು ಸರಸಕ್ಕ, ಕಣ್ಣು ಒರೆಸಿಕೊಳ್ಳುತ್ತ. "ಎಷ್ಟ್ ಚಂದದ್ ಗಂಡ್. ಕಳ್ದ್ ವರ್ಷ ಬಂದಾಗ ನನ್ ಕೈಯಂಗೆ ಎರಡ್ ಕಡುಬು ತಿಂದಿದ್ದ, ಬಾಲ."

ಆಗ ಅವನಿಗೆ ಅರ್ಥವಾಯಿತು. ಮೊನ್ನೆ ತಾನೇ ಬಾಲನ ಕಾಗದ ಬಂದಿತ್ತು, ಹೊಸ ಚಪ್ಪಲಿ ಕಚ್ಚುತ್ತದೆ ಎಂದು. ಹೇಳಬೇಕು ಎಂದು ಮೆದುಳು ಅಪ್ಪಣೆ ಕೊಟ್ಟಿತು. ಅಪ್ಪಣೆ ಹೊರಟಿತು. ಅಷ್ಟರಲ್ಲಿ ಹೆಡ್‌ಮಾಸ್ತರರು ಕೊಡೆ ಮಡಚುತ್ತ ಬಂದು, ಇವತ್ತು ಶಾಲೆಗೆ ರಜೆ ಕೊಟ್ಟಿದ್ದೇನೆ, ಪಾಠದ ಚಿಂತೆ ಬೇಡ ಎಂದರು.

ಪಾಠ ಇಲ್ಲ. ಕವಲೋ ಬಾಲವೋ ಎಂದು ಯಾರೂ ಕೇಳುವುದಿಲ್ಲ. ಉಮಾನಾಥನಿಗೆ ಅಷ್ಟೇ ಸಾಕಾಗಿತ್ತು. ಒಂದು ಉಸಿರು ತೆಗೆದುಕೊಂಡು ಆಮೇಲೆ ಹೇಳಿದರಾಯಿತು ಎಂದುಕೊಂಡ. ಆ ಒಂದು ಉಸಿರಿನಲ್ಲಿ ಇನ್‌ಸ್ಪೆಕ್ಟರು ಅಂಗಳಕ್ಕೆ ಬಂದರು.

ಮಡಿಯ ಮನುಷ್ಯ. ಜಗಲಿ ಹತ್ತದೆ ಕೆಳಗೇ ನಿಂತು ಮೆಲ್ಲನೆ ಕೇಳಿದರು: "ತಂತಿ ಬಂದದ್ದು ಹೌದೋ?"

ಬಂದಿದೆ, ಮೈಯೊಳಗೆ ಕ್ಷಣಕ್ಕೆ ಸಾವಿರ ತಂತಿ ಬರುತ್ತಿದೆ. ಉಮಾನಾಥನ ತಲೆ ತಾನಾಗಿ ಆಡಿತು, ಹೌದು ಎಂಬ ಕಡೆಗೆ.

ಇನ್‌ಸ್ಪೆಕ್ಟರು ಚೀಲದಿಂದ ಒಂದು ಕಾಗದ ತೆಗೆದರು. "ನಿಮ್ಮನ್ನು ಖಾಯಂ ಮಾಡಿದ ಆರ್ಡರು. ಸಹಿ ಮಾಡಿಯೇ ತಂದಿದ್ದೆ. ಪಾಠ ನೋಡುವುದು ಬರೀ ಶಾಸ್ತ್ರಕ್ಕೆ." ಕಾಗದವನ್ನು ಒಮ್ಮೆ ನೋಡಿ ಮತ್ತೆ ಚೀಲಕ್ಕೆ ಹಾಕಿದರು. "ಸೂತಕದ ಮನೆಯಲ್ಲಿ ಶುಭದ ಕಾಗದ ಕೊಡಬಾರದು. ನಾಳೆ ನಾನು ಪುತ್ತೂರಿನ ಕಡೆಗೆ ಹೋಗುವವ. ಇನ್ನು ಮುಂದಿನ ವರ್ಷವೇ ಸೈ."

ಉಮಾನಾಥ ಎದ್ದು ನಿಂತ. ಎಡಕ್ಕೆ ಅತ್ತು ಕೆಂಪಾದ ಸರಸಕ್ಕನ ಮುಖ. ಬಲಕ್ಕೆ ಮೀನು ಮಾರದೆ ಕುಳಿತ ಸೀತು. ಎದುರಿಗೆ ರಜೆ ಕೊಟ್ಟ ಶೆಟ್ರು. ಎಲ್ಲಕ್ಕೂ ಮುಂದೆ, ಈಗಷ್ಟೇ ಹೌದೆಂದು ಆಡಿದ ತನ್ನದೇ ತಲೆ.

ಹೊರಟ ಇನ್‌ಸ್ಪೆಕ್ಟರ ಕಣ್ಣು ಕಂಬದ ಬುಡದ ಕಾಯಿಯ ಮೇಲೆ ಬಿತ್ತು. "ಓ, ನರಕೋಶ. ಚೆನ್ನಾಗಿ ಮಾಡಿದ್ದೀರಿ. ನನಗೂ ಇದರಲ್ಲಿ ಹಳೆಯ ಸಂಶಯ ಒಂದುಂಟು. ಸುದ್ದಿ ಒಳಗೆ ಬಂದದ್ದು ಕವಲಿನಲ್ಲೋ, ಬಾಲದಲ್ಲೋ? ಹೊರಗೆ ಹೋದದ್ದು ಯಾವುದು?" ಮರುಕ್ಷಣ ನಾಲಗೆ ಕಚ್ಚಿಕೊಂಡರು. "ಛೆ, ಈ ಹೊತ್ತಿನಲ್ಲಿ ಕೇಳಬಾರದಿತ್ತು."

ಉತ್ತರ ಈಗ ಉಮಾನಾಥನಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಬೆಳಗಿನಿಂದ ಇಡೀ ಊರು ಅದನ್ನೇ ಮಾಡಿ ತೋರಿಸಿತ್ತು. ಸರಸಕ್ಕ, ಸೀತು, ಮುತ್ತ, ಎಲ್ಲರೂ ಮೈತುಂಬ ಕಿವಿಯ ಕವಲು ಬಿಟ್ಟು ಕೇಳಿದ್ದರು. ಉದ್ದದ ಒಂದೇ ನಾಲಗೆಯಿಂದ ಮುಂದಿನವರಿಗೆ ದಾಟಿಸಿದ್ದರು. ಇನ್‌ಸ್ಪೆಕ್ಟರು ಕಾಯುತ್ತಿದ್ದರು. ಊರೂ ಕಾಯುತ್ತಿತ್ತು. ಅವನು ಬಗ್ಗಿ ಕಾಯಿಯನ್ನು ಎತ್ತಿಕೊಂಡ. "ಪಾಪ" ಎಂದು ಇನ್‌ಸ್ಪೆಕ್ಟರು ದಣಪೆ ದಾಟಿ ಹೋದರು.

ಹೋದದ್ದು ಬಾಲ ಎಂದು ಉಮಾನಾಥ ಹೇಳಲಿಲ್ಲ. ಬಾಲ ಹೋಗಿಲ್ಲ ಎಂದೂ ಹೇಳಲಿಲ್ಲ.