ಮೂರಡಿ ಮೂರಿಂಚಿನ ಗೆರೆ

ಬೆಳಿಗ್ಗೆ ಎಂಟಕ್ಕೆ ಅಂಗಡಿಯ ದೀಪ ಹಾಕಿದ ದರ್ಜಿ ಎರಡು ಹೆಜ್ಜೆ ಹಿಂದೆ ಸರಿದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅದರ ಗೋಡೆ ಹೊಸ ಹಳದಿ ಬಣ್ಣದಲ್ಲಿ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು.

"ಹೇಗಿದೆ, ಅಳಿಯಂದ್ರೇ?" ಹಿಂದಿನಿಂದ ಅತ್ತೆಯ ದನಿ. "ನಿನ್ನೆ ರಾತ್ರಿ ನೀವು ಮಲಗಿದ್ರಲ್ಲ, ಆಗ ಬಳಿದುಬಿಟ್ಟೆ. ಆ ಕೊಳಕು ಗೆರೆ ನೋಡಿ ನೋಡಿ ಒಂದು ತಿಂಗಳಿಂದ ನನಗೆ ಊಟವೇ ಸೇರ್ತಿರಲಿಲ್ಲ."

ಊಟ ಸೇರದ ಅತ್ತೆ ನಿನ್ನೆ ಮೂರು ಸಲ ಬಡಿಸಿಕೊಂಡಿದ್ದನ್ನು ದರ್ಜಿ ಕಣ್ಣಾರೆ ಕಂಡಿದ್ದ. ಆದರೆ ಅತ್ತೆಗೆ ಎದುರಾಡುವ ಎದೆಗಾರಿಕೆ ಅವನ ವಂಶದಲ್ಲೇ ಯಾರಿಗೂ ಇರಲಿಲ್ಲ. "ತುಂಬಾ ಚೆನ್ನಾಗಿದೆ ಅತ್ತೆ" ಎಂದ. ಅವರು ಚೀಲ ಹಿಡಿದು ಖುಷಿಯಾಗಿ ಪೇಟೆಗೆ ಹೊರಟರು.

ಆ ಕೊಳಕು ಗೆರೆಯೇ ಅವನ ಆಸ್ತಿ. ತಿಂಗಳ ಹಿಂದೆ ನದಿ ಉಕ್ಕಿ ಬೀದಿಗೆ ನುಗ್ಗಿದಾಗ ಅಂಗಡಿಯಲ್ಲಿ ನೀರು ಮೂರಡಿ ಮೂರಿಂಚು ನಿಂತಿತ್ತು. ಮುಳುಗಿ ಎದ್ದ ಹೊಲಿಗೆ ಯಂತ್ರ ಈಗ ತುಳಿದರೆ ನರಳುತ್ತಿತ್ತೇ ಹೊರತು ಹೊಲಿಯುತ್ತಿರಲಿಲ್ಲ. ಶಾಲೆಯ ಎಂಬತ್ತು ಜೊತೆ ಸಮವಸ್ತ್ರ ಹೊಲಿಯುವ ಕೆಲಸ ಕೈಯಲ್ಲಿತ್ತು. ಈ ವಾರ ಹೊಸ ಯಂತ್ರ ಬರದಿದ್ದರೆ ಅದು ಪಕ್ಕದ ಬೀದಿಯ ದರ್ಜಿಯ ಪಾಲು.

ಉಳಿದದ್ದು ಕೇಂದ್ರ ಸರ್ಕಾರದ ಪರಿಹಾರವೊಂದೇ. ಕೇಂದ್ರವು ರಾಜ್ಯಗಳಿಗೆ ಹಂಚಿ, ರಾಜ್ಯವು ಊರುಗಳಿಗೆ ಹಂಚಿ, ಊರಿನವರು ಕೊನೆಗೆ ಗೋಡೆಗಳಿಗೆ ಹಂಚುತ್ತಿದ್ದರು. ಗೋಡೆಯ ಮೇಲಿನ ನೀರಿನ ಗುರುತು ಎರಡಡಿಗಿಂತ ಕೆಳಗಿದ್ದರೆ ಏನೂ ಇಲ್ಲ, ನಾಲ್ಕಡಿಯವರೆಗೆ ಅರ್ಧ, ಅದಕ್ಕೂ ಮೇಲಿದ್ದರೆ ಪೂರ್ತಿ. ಅರ್ಧ ಬಂದರೂ ಒಂದು ಯಂತ್ರ ಬರುತ್ತಿತ್ತು. ತಪಾಸಣೆ ಇವತ್ತು ಹನ್ನೊಂದು ಗಂಟೆಗೆ. ಗೆರೆ ಮಾತ್ರ ಹಳದಿ ಬಣ್ಣದಡಿ ಸಮಾಧಿಯಾಗಿತ್ತು.

ಒಂದು ಫೋಟೋ ಆದರೂ ಇದ್ದಿದ್ದರೆ! ನೀರಿಳಿದ ವಾರಕ್ಕೇ ಬೈಕಿನಲ್ಲಿ ಕ್ಯಾಮೆರಾದವನೊಬ್ಬ ಬಂದಿದ್ದ. ಪತ್ರಿಕೆಯವನೆಂದುಕೊಂಡ ದರ್ಜಿ ತಲೆ ಬಾಚಿ, ಕೊರಳಿಗೆ ಅಳತೆ ಟೇಪ್ ಹಾಕಿಕೊಂಡು, ಗೋಡೆಗೆ ಒತ್ತಿ ನಿಂತು ಹಲ್ಲು ಕಿರಿದಿದ್ದ. ಆಮೇಲೆ ಎಂಟು ದಿನ ದುಡ್ಡು ಕೊಟ್ಟು ಪತ್ರಿಕೆ ತರಿಸಿದರೂ ಅವನ ಮುಖ ಎಲ್ಲೂ ಬರಲಿಲ್ಲ. ಅಂದಿನಿಂದ ಅವನಿಗೆ ಪತ್ರಿಕೆಗಳ ಮೇಲೆ ನಂಬಿಕೆಯೇ ಹೋಗಿತ್ತು.

ಅವನು ಎದುರಿನ ಮನೆಯ ಮೇಷ್ಟ್ರ ಹತ್ತಿರ ಓಡಿದ. ನಿವೃತ್ತ ಮೇಷ್ಟ್ರು ಇರುವುದು ಮೂರನೇ ಮಹಡಿಯಲ್ಲಿ. ನೆರೆಯಲ್ಲಿ ಅವರ ಕಾಲ್ಬೆರಳೂ ಒದ್ದೆಯಾಗಿರಲಿಲ್ಲ. ಆದ್ದರಿಂದ ಪರಿಹಾರದ ವಿಷಯದಲ್ಲಿ ಇಡೀ ಬೀದಿಗೆ ಅವರೇ ಪಂಡಿತರು. ಮಳೆಗೆ ನೆನೆದು ಒಣಗಿ ಹಪ್ಪಳದಂತಾದ ಪರಿಹಾರದ ಸುತ್ತೋಲೆಯನ್ನು ಕೈಯಲ್ಲಿ ಹಿಡಿದೇ ಅವರು ಇಳಿದು ಬಂದರು. ದಾರಿಯಲ್ಲಿ ಅಂಗಡಿಗಳ ಬೋರ್ಡ್ ಬರೆಯುವವನನ್ನೂ ಎಳೆದು ತಂದರು.

"ಗೆರೆ ಹೋದ್ರೆ ಏನಂತೆ, ಇನ್ನೊಂದು ಬರೆಸೋಣ," ಎಂದರು ಮೇಷ್ಟ್ರು.

"ಅದು ಸುಳ್ಳಾಗಲ್ವಾ ಮೇಷ್ಟ್ರೇ?"

"ಇದ್ದ ಜಾಗದಲ್ಲೇ ಇದ್ದದ್ದನ್ನ ಬರೆದ್ರೆ ಸುಳ್ಳು ಹೇಗಯ್ಯಾ ಆಗುತ್ತೆ? ಅದು ನಕಲು ಪ್ರತಿ!"

ದರ್ಜಿಗೆ ಹೋದ ಜೀವ ಬಂದಂತಾಯಿತು. ಟೇಪ್ ಹಿಡಿದು ಮೂರಡಿ ಮೂರಿಂಚಿಗೆ ಸೀಮೆಸುಣ್ಣದ ಚುಕ್ಕೆ ಇಟ್ಟ. ಬೋರ್ಡಿನವನು ಗಟ್ಟಿ ಚಹಾ ಡಿಕಾಕ್ಷನ್ನಿಗೆ ಮಣ್ಣು ಕಲಸಿ, ಕಲಾವಿದನ ಗತ್ತಿನಲ್ಲಿ ಕುಂಚ ಅದ್ದಿ, ಎಡದಿಂದ ಬಲಕ್ಕೆ ಒಂದೇ ಉಸಿರಿನಲ್ಲಿ ಎಳೆದ. ಎಲ್ಲರೂ ಹಿಂದೆ ಸರಿದು ನೋಡಿದರು. ಗೆರೆಯ ಬಲತುದಿ ನಾಲ್ಕು ಬೆರಳು ಮೇಲೇರಿತ್ತು.

"ನೀರು ಓರೆಯಾಗಿ ನಿಲ್ಲುತ್ತೇನಯ್ಯಾ?" ಮೇಷ್ಟ್ರು ಗದರಿದರು.

"ಬೋರ್ಡಿನಲ್ಲಿ ನಾನು ಯಾವಾಗ್ಲೂ ಹೀಗೇ ಬರೆಯೋದು. ಏರಿಕೆ ಶುಭ," ಎಂದ ಬೋರ್ಡಿನವನು.

ಒರೆಸಲು ಹೋದರೆ ಹಸಿ ಬಣ್ಣವೇ ಕಿತ್ತು ಬರುತ್ತಿತ್ತು. ಹಾಗಾಗಿ ಕೆಳಗಿನದಕ್ಕೆಲ್ಲ ಅದೇ ಮಣ್ಣು ಮೆತ್ತಿ ಎಡತುದಿಯನ್ನು ಮೇಲೆತ್ತಿದರು. ಅದು ಬಲಕ್ಕಿಂತ ಎರಡು ಬೆರಳು ಹೆಚ್ಚಾಯಿತು. ಬಲವನ್ನು ಎತ್ತಿದರು. ಈಗ ನಡುವೆ ತಗ್ಗು. ಗಲಾಟೆ ಕೇಳಿ ಪಕ್ಕದ ಸಲೂನಿನವನು ಕತ್ತರಿ ಹಿಡಿದೇ ಬಂದ. ಅವನ ಹಿಂದೆ ಅರ್ಧ ಮೀಸೆಯ ಗಿರಾಕಿಯೂ ಬಂದ.

"ಮೀಸೆ ಸಮ ಮಾಡೋವಾಗ ನಮಗೂ ಹೀಗೇ ಆಗುತ್ತೆ," ಎಂದ ಸಲೂನಿನವನು ಅನುಭವಿಯಂತೆ. "ಎಡ ಆಯ್ತಾ, ಬಲ. ಬಲ ಆಯ್ತಾ, ಎಡ. ಧೈರ್ಯ ಬಿಡಬಾರದು."

ಇದನ್ನು ಕೇಳಿದ ಗಿರಾಕಿ ಮೀಸೆ ಮುಟ್ಟಿಕೊಂಡು ಮೆಲ್ಲಗೆ ಜಾರಿಕೊಂಡ.

ನಾಲ್ಕಡಿ ದಾಟಿದಾಗ ಮೇಷ್ಟ್ರು ಚಪ್ಪಾಳೆ ತಟ್ಟಿ "ಪೂರ್ತಿ ಪರಿಹಾರ!" ಎಂದು ಕೂಗಿದರು. ದರ್ಜಿ "ಬೇಡ ಮೇಷ್ಟ್ರೇ, ನನಗೆ ಅರ್ಧವೇ ಸಾಕು" ಎಂದು ಗೋಗರೆದ. ಕೇಳುವವರು ಯಾರು? ಕುಂಚ ಮೆಟ್ಟಿಲು ಹತ್ತಿದಂತೆ ಹತ್ತುತ್ತಲೇ ಇತ್ತು. ಕಡೆಗೆ ಬೋರ್ಡಿನವನು ಸ್ಟೂಲಿನಿಂದ ಇಳಿದಾಗ ಗೆರೆ ಕೂದಲೆಳೆಯಷ್ಟೂ ಓರೆಯಿಲ್ಲದೆ ಐದೂವರೆ ಅಡಿಯಲ್ಲಿ ನಿಂತಿತ್ತು. ದರ್ಜಿಯ ಎತ್ತರ ಐದಡಿ ಮೂರಿಂಚು.

"ಇಷ್ಟು ನೀರು ಬಂದಿದ್ರೆ ನಾನು ಬದುಕೇ ಇರ್ತಿರಲಿಲ್ಲ!" ಅವನು ತಲೆ ಮೇಲೆ ಕೈ ಹೊತ್ತು ಕೂತ. ಅಷ್ಟರಲ್ಲಿ ಹೊರಗೆ ಜೀಪು ನಿಂತಿತು.

ಒಳಗೆ ಬಂದ ಅಧಿಕಾರಿಣಿ ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನಿಧಾನವಾಗಿ ನೋಡಿದರು. ಆಮೇಲೆ ಕಡತದಿಂದ ಒಂದು ಫೋಟೋ ತೆಗೆದರು. ಅದರಲ್ಲಿ ತಲೆ ಬಾಚಿಕೊಂಡ ದರ್ಜಿ ಹಲ್ಲು ಕಿರಿಯುತ್ತಿದ್ದ.

"ಇದು ನೀವೇ ತಾನೆ? ನಮ್ಮ ಆಫೀಸಿನವರು ತೆಗೆದದ್ದು. ನಿಮ್ಮ ಕೊರಳಲ್ಲಿ ಟೇಪ್ ಇತ್ತಲ್ಲ, ಅದರಿಂದಲೇ ಅಳೆದ್ವಿ. ಮೂರಡಿ ಮೂರಿಂಚು. ಇಡೀ ಊರಿನಲ್ಲಿ ಇಷ್ಟು ಖಚಿತವಾದ ಅಳತೆ ಇನ್ನೊಂದಿಲ್ಲ. ಅರ್ಧ ಪರಿಹಾರ ಮಂಜೂರಾಗಿದೆ, ಚೆಕ್ಕೂ ತಂದಿದ್ದೀನಿ."

ದರ್ಜಿ ಚೆಕ್ಕಿಗೆ ಕೈ ಚಾಚಿದ. ಅಷ್ಟರಲ್ಲಿ ಮೇಷ್ಟ್ರು ಕೇಳಿದರು, "ಹಾಗಾದ್ರೆ ಇವತ್ತಿನ ತಪಾಸಣೆ ಯಾತಕ್ಕೆ ಮೇಡಂ?"

"ಹಳೇ ಗುರುತು ತೊಳೆದು ಗೋಡೆಗೆ ಬಣ್ಣ ಬಳಿದಿದ್ದಾರಾ ಅಂತ ನೋಡೋಕೆ. ಬಳಿದವರಿಗೆ ಸ್ಥಳದಲ್ಲೇ ಚೆಕ್. ಸುತ್ತೋಲೆಯ ಎರಡನೇ ಪುಟದಲ್ಲಿದೆಯಲ್ಲ."

ಮೇಷ್ಟ್ರು ಕೈಯಲ್ಲಿದ್ದ ಸುತ್ತೋಲೆಯ ಮೂಲೆಯನ್ನು ಉಗುರಿನಿಂದ ಕೆರೆದರು. ಅಂಟಿಕೊಂಡಿದ್ದ ಎರಡನೇ ಪುಟ ಸುರುಳಿ ಬಿಚ್ಚಿ ಹೊರಬಂತು. ಅವರು ಅದನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು.

"ಆದ್ರೆ ಇದೇನ್ರೀ?" ಅಧಿಕಾರಿಣಿ ಗೋಡೆಯತ್ತ ಕೈ ತೋರಿಸಿದರು. "ಫೋಟೋದಲ್ಲಿ ಮೂರೂಕಾಲು, ಗೋಡೆಯಲ್ಲಿ ಐದೂವರೆ! ಯಾರಾದ್ರೂ ಬೇಕಂತ ಬರೆದದ್ದಾದ್ರೆ ಈಗಲೇ ಹೇಳಿ. ನಿಮ್ಮ ಹೆಸರನ್ನ ಪಟ್ಟಿಯಿಂದ ಹೊಡೆದುಹಾಕಿಬಿಡ್ತೀನಿ."

ದರ್ಜಿಯ ಕಣ್ಣ ಮುಂದೆ ಎಂಬತ್ತು ಜೊತೆ ಸಮವಸ್ತ್ರ ಸಾಲಾಗಿ ಪಕ್ಕದ ಬೀದಿಗೆ ನಡೆದುಹೋದವು.

"ಇಲ್ಲ ಮೇಡಂ," ಎಂದ ಕ್ಷೀಣ ದನಿಯಲ್ಲಿ. "ನೀರು... ಇನ್ನೊಂದು ಸಲ ಬಂತು."

"ನಿನ್ನೆ," ಎಂದ ಬೋರ್ಡಿನವನು ನೆರವಿಗೆ ಬಂದು.

"ಈ ಅಂಗಡಿಗೆ ಮಾತ್ರ?"

"ಜಾಸ್ತಿ ಹೊತ್ತು ನಿಲ್ಲಲಿಲ್ಲ ಮೇಡಂ," ಎಂದ ಸಲೂನಿನವನು. "ಬಂತು, ಹೋಯ್ತು."

ಅದೇ ಹೊತ್ತಿಗೆ ಗೆರೆಯಿಂದ ಒಂದು ಕಂದು ಹನಿ ಜಾರಿ ನೆಲ ಮುಟ್ಟಿತು. ಅಧಿಕಾರಿಣಿ ಅದನ್ನು ಬೆರಳಿನಿಂದ ಮುಟ್ಟಿ ಮೂಸಿ ನೋಡಿದರು. "ಈ ಸಲದ ನದಿಗೆ ಸಕ್ಕರೆ ಹಾಕಿರಲಿಲ್ಲ ಅನ್ಸುತ್ತೆ," ಎಂದು ತುಟಿ ಕಚ್ಚಿ ನಗು ತಡೆದರು. ಪೆನ್ನು ತೆಗೆದರು. "ಹೋಗ್ಲಿ, ಎರಡನೇ ಪ್ರವಾಹ ಅಂತಲೇ ಬರೀತೀನಿ. ಆದ್ರೆ ಒಂದು ಗೋಡೆಗೆ ಒಂದೇ ಪ್ರವಾಹ. ಮೊದಲನೇದರ ಕಡತ ಇಲ್ಲಿಗೆ ಮುಗೀತು. ಹೊಸ ಅರ್ಜಿ ಹಾಕಿ. ಕೇಂದ್ರಕ್ಕೆ ಹೋಗಿ ಬರೋಕೆ ಆರು ತಿಂಗಳು."

ಚೆಕ್ಕು ಕಡತದೊಳಗೂ, ಕಡತ ಚೀಲದೊಳಗೂ, ಚೀಲ ಜೀಪಿನೊಳಗೂ ಹೋಯಿತು. ಜೀಪು ತಿರುವಿನಲ್ಲಿ ಮರೆಯಾಗುವ ಹೊತ್ತಿಗೆ ಅತ್ತೆ ತರಕಾರಿ ಚೀಲ ಹಿಡಿದು ಒಳಗೆ ಬಂದರು. ಗೋಡೆ ನೋಡಿದವರೇ ಚೀಲ ಕೈಬಿಟ್ಟರು. ಟೊಮೆಟೊಗಳು ನಾಲ್ಕೂ ದಿಕ್ಕಿಗೆ ಉರುಳಿದವು. ಅವುಗಳನ್ನು ಹಿಡಿಯುವ ನೆಪದಲ್ಲಿ ಮೇಷ್ಟ್ರು, ಬೋರ್ಡಿನವನು, ಸಲೂನಿನವನು ಮೂವರೂ ಬೀದಿಗೆ ಓಡಿದರು. ಯಾರೂ ಮರಳಿ ಬರಲಿಲ್ಲ.

"ಅಯ್ಯೋ, ನನ್ನ ಗೋಡೆ! ಯಾವ ಹಾಳಾದವನು ಮಾಡಿದ್ದು ಇದನ್ನ?"

ದರ್ಜಿ ನಾಲ್ಕೂ ಕಡೆ ನೋಡಿದ. ಉಳಿದದ್ದು ಅವನೊಬ್ಬನೇ.

"ಪ್ರವಾಹ ಬಂದಿತ್ತು, ಅತ್ತೆ," ಎಂದ. "ಸರ್ಕಾರದವರೇ ಬರೆದುಕೊಂಡು ಹೋದ್ರು."