ನಿಮ್ಮ ಪಾಡಿಗೆ ನೀವಿರಿ

ಹನ್ನೆರಡು ವರ್ಷದಿಂದ ಪತ್ರಿಕೆಗೆ ಫೋಟೋ ತೆಗೆಯುತ್ತಿದ್ದರೂ ಅವನ ಹೆಸರು ಒಂದು ದಿನವೂ ಅಚ್ಚಾಗಿರಲಿಲ್ಲ. ಬೆಂಕಿ ಬಿದ್ದರೂ ಅವನೇ ಓಡಬೇಕು, ಮಂತ್ರಿ ಸೀನಿದರೂ ಅವನೇ ಓಡಬೇಕು. ಕೆಳಗೆ ಮಾತ್ರ 'ನಮ್ಮ ಛಾಯಾಗ್ರಾಹಕರಿಂದ'. "ನೀನೇ ತೆಗೆದಿದ್ದು ಅಂತ ನಾನು ಹೇಗೆ ನಂಬ್ಲೋ?" ಎಂದು ಅಪ್ಪ ಕೇಳುತ್ತಲೇ ಇದ್ದರು.

ಆವತ್ತು ಸಂಪಾದಕರು ಕರೆದು ಹೇಳಿದರು: "ನೀರಿನ ಪೈಪ್ ಒಡೆದಿದೆಯಂತೆ. ಮುಖಪುಟಕ್ಕೆ ಆಗೋ ಚಿತ್ರ ತಾ, ಹೆಸರು ಹಾಕ್ತೀನಿ. ಯಾರನ್ನೂ ನಿಲ್ಲಿಸಿ ತೆಗೀಬಾರ್ದು. ಇದ್ದದ್ದು ಇದ್ದ ಹಾಗೆ."

ಪೈಪ್ ಒಡೆದ ಬೀದಿಗೆ ಕಾಲಿಟ್ಟದ್ದೇ ತಡ, ಮೈಕ್ ಮಾವ ಎದುರಾದ. ಮೈಕಿನಂಥ ಗಂಟಲಿಗೆ ಬೀದಿಯವರು ಇಟ್ಟ ಹೆಸರು ಅದು. "ಪೇಪರ್‌ನೋರು ಬಂದ್ರು! ತಲೆ ಬಾಚ್ಕೊಳ್ರೋ!" ಕೊಡ ಹಿಡಿದವರೆಲ್ಲ ಮದುವೆ ಫೋಟೋಗೆ ನಿಂತ ಬೀಗರ ಹಾಗೆ ಹಲ್ಲು ಬಿಟ್ಟು ಸಾಲಾದರು.

"ನಿಲ್ಬೇಡಿ! ನಿಮ್ಮ ಪಾಡಿಗೆ ನೀವಿರಿ!" ಎಂದು ಇವನು ಕಿರುಚಿದ.

"ನಮ್ಮ ಪಾಡಿಗೆ ನಾವಿರೋ ಹಾಗೇ ನಿಂತಿದ್ದೀವಲ್ಲಪ್ಪಾ," ಎಂದಳು ಒಬ್ಬ ಅಜ್ಜಿ, ತುಟಿ ಅಲುಗಿಸದೆ.

ರೋಸಿಹೋಗಿ ಬೀದಿಯ ತುದಿಗೆ ನಡೆದ. ಅಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಾಗಿಲಿಗೆ ಒರಗಿ ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು, ಕಣ್ಣು ರಸ್ತೆಯ ಮೇಲೆ. ಯಾರನ್ನೋ ಕಾಯುವ ಆ ನೋಟ ಕಂಡು ಅವನು ಕ್ಯಾಮೆರಾ ಎತ್ತಿದ. ಕ್ಲಿಕ್.

"ಭಲೇ! ಮುಖಪುಟ!" ಎಂದರು ಕಚೇರಿಯಲ್ಲಿ ಚಿತ್ರ ನೋಡಿದ ಸಂಪಾದಕರು. "ಯಾರಿಗೆ ಕಾಯ್ತಿದ್ದಾಳೆ, ಕೇಳ್ಕೊಂಡು ಬಾ." ಕ್ಯಾಮೆರಾ ಮೇಜಿನ ಮೇಲೇ ಬಿಟ್ಟು ಓಡಿದ.

"ಚೆನ್ನಾಗಿ ಬಂತಾ ಅಣ್ಣಾ?" ಎಂದಳು ಆಕೆ. "ಪೈಪ್ ಒಡೆದ ಕೂಡ್ಲೇ, ಪೇಪರ್‌ನೋರು ಬರ್ತಾರೆ ಅಂತ ಮೈಕ್ ಮಾವ ಬಂದು ಕಲಿಸಿದ್ರು. ಕತ್ತು ಎಷ್ಟು ವಾಲಿಸ್ಬೇಕು, ಎಲ್ಲಿ ನೋಡ್ಬೇಕು, ಎಲ್ಲಾ."

ಅವನು ಕೇಳಿದ: "ನಾಟಕ ಯಾಕಕ್ಕಾ?"

"ಪರದೆ ಬಣ್ಣಕ್ಕೆ ಜಗಳ ಆಡ್ಕೊಂಡು ನಮ್ಮನೆಯವ್ರು ಹೋಗಿ ಮೂರು ತಿಂಗಳಾಯ್ತು. ಫೋನ್ ಎತ್ತಲ್ಲ. ನಿಮ್ಮ ಪೇಪರ್ ಓದೋದು ಮಾತ್ರ ಒಂದಿನಾನೂ ಬಿಡಲ್ಲ…" ಆಕೆಯ ಕಣ್ಣು ತಾನಾಗಿಯೇ ರಸ್ತೆಗೆ ಹೋಯಿತು. ಈಗ ಕತ್ತು ವಾಲಿರಲಿಲ್ಲ. ಅವನ ಕೈ ಕ್ಯಾಮೆರಾಕ್ಕೆ ತಡಕಾಡಿತು; ಬರೀ ಎದೆ ಸಿಕ್ಕಿತು.

ಕಚೇರಿಗೆ ಮರಳಿ ಸುಳ್ಳು ಹೇಳಬಹುದಿತ್ತು. ಹಾಳು ನಾಲಿಗೆ ನಿಜವನ್ನೇ ಹೇಳಿತು. ಸಂಪಾದಕರು ಚಿತ್ರವನ್ನು ಪಕ್ಕಕ್ಕೆ ಸರಿಸಿದರು: "ನಿಲ್ಲಿಸಿ ತೆಗೆದದ್ದು ಸುದ್ದಿಯಲ್ಲ ಕಣಯ್ಯಾ."

ಆಕೆಯ ಕಣ್ಣು ಮಾತ್ರ ಅವನ ಬೆನ್ನು ಬಿಡಲಿಲ್ಲ. ಚಿತ್ರವನ್ನು ಮೈಕ್ ಮಾವನ ಕೈಗಿಟ್ಟ: "ಜಾಹೀರಾತಾಗಿಯಾದ್ರೂ ಹಾಕ್ಸಿ. ಆಕೆಯ ಗಂಡ ನೋಡ್ಲಿ."

ಮರುದಿನ ಬೆಳಿಗ್ಗೆ ಅಪ್ಪ ಕೊನೆಯ ಪುಟ ಹಿಡಿದು ಕೂತಿದ್ದರು. ಆಕೆಯ ಚಿತ್ರ. ಪಕ್ಕದಲ್ಲಿ, 'ರೀ, ನೀವು ಹೇಳಿದ ಬಣ್ಣಾನೇ ಇರಲಿ. ಬನ್ನಿ.' ಅಪ್ಪನ ಕಣ್ಣು ಒದ್ದೆಯಾಗಿತ್ತು.

"ನೋಡೋ, ಫೋಟೋ ಅಂದ್ರೆ ಇದು!"

ಅವನು ಬಗ್ಗಿ ನೋಡಿದ. ಜಾಹೀರಾತಿನಲ್ಲಿ ದುಡ್ಡು ಕೊಟ್ಟವರು ಬರೆಸಿದ್ದೇ ಅಚ್ಚಾಗುತ್ತದೆ. ಕೆಳಗೆ ದಪ್ಪಕ್ಷರದಲ್ಲಿತ್ತು: 'ಚಿತ್ರ: ಮೈಕ್ ಮಾವ'.

"ಹೋಗಿ ಆ ಪುಣ್ಯಾತ್ಮನ ಹತ್ರ ಸ್ವಲ್ಪ ಕಲಿ," ಎಂದರು ಅಪ್ಪ.